ನಡುವೆ ನಿಲ್ಲುವ ಪೂರಿಯಾ

"ಯವ್ವಾ, ನೀನ ಹೇಳು, ನನಗೇನ ಹುಚ್ಚ ಹಿಡದೈತೇನು? ಮೋಪಕರ ಮಾಸ್ತರ ಮೊದಲ ನಾಟಕದ ಪದಾ ಊದತಿದ್ದಾ. ಹಿಂದ ತಬಲಾ ಕುದರಿ ಓಡಿಧಾಂಗ ಓಡತಿತ್ತು. ಜನಾ ತಲಿ ತೂಗಿದ್ರು. ರಮಾನಾಥ ತೂಗಿದಾ, ನಾನೂ ತೂಗಿದೆ. ಆಮ್ಯಾಲ ಮಾಸ್ತರ ಅದನ್ನ ಬಿಟ್ಟು ಗೋವಾದ ಪಿಟೀಲಿನವರನ್ನ ಮಗ್ಗಲಕ್ಕ ಕುಂಡ್ರಿಸಿಕೊಂಡಾ. 'ಕೆಟ್ಟಾ' ಅಂದ್ರು ಜನಾ. ನಾ ಕೇಳಿದೆ, ಮತ್ತ ಮತ್ತ ಕೇಳಿದೆ, ಬರಬರತ ಕಿವ್ಯಾಗ ಕುಂತಿತು. ಆಮ್ಯಾಲ ತಬಲಾನ ತಗದ ಒಗದಾ. ಬರೇ ತಂಬೂರಿ, ಬರೇ ಉಸರು. ಮತ್ತ 'ಕೆಟ್ಟಾ' ಅಂದ್ರು. ಅದೂ ಕುಂತಿತು. ಪ್ರತಿ ಸಲಾ ಜನಾ ತಪ್ಪು, ಮಾಸ್ತರ ಖರೆ. ಈಗ ಈ ಆಲ್ಬಂ ಬಂದೈತಿ. ಮೂರು ರಿಕಾರ್ಡು, ಎಲ್ಲಾ ಕೂಡಿ ಒಂದ ರಾಗ. ಹಿಂಗ ಯಾರೂ ಮಾಡಿಲ್ಲ. ಸುರು ಮಾಡತಾನ, ಕೂಡಲೇ ಮುಗಸತಾನ, ಮುಗಸಿದ ಮ್ಯಾಲ ಹಿಂದಕ್ಕ ಹೋಗತಾನ, ಕಡೀಕ ನಡುವ ನಿಂತ ಬಿಡತಾನ. ರಾಗ ಮುಗಿಯೂದ ಇಲ್ಲ, ನಾವ ಎದ್ದು ಹೋಗಬೇಕು. ಇದನ್ನ ರಮಾನಾಥ ಒಂದ ಸಲಾ ಪೂರಾ ಕುಂತು ಕೇಳಲಿ. ಆಮ್ಯಾಲ ಬೇಕಾದರ ನನ್ನ ಮಾರಿಗೆ ಉಗಳಲಿ. ಕೇಳಲಾರದನ ಬೈತಾನಲ್ಲ, ಅದ ನನಗ ತಡಕೊಳ್ಳಾಕ ಆಗವಲ್ದು."

ಪರಪ್ಪ ನನ್ನ ಒಲೆಯ ಮುಂದೆ ಕೂತು ಈ ಮಾತನ್ನು ಎಷ್ಟು ಸಲ ಹೇಳಿದ್ದಾನೋ. ಅವನು ಹೇಳುತ್ತಿದ್ದ, ನಾನು ನನ್ನ ಖಾನಾವಳಿಯ ರೊಟ್ಟಿ ಬಡಿಯುತ್ತಿದ್ದೆ. ಬಾಂದ್ರಾ ಸ್ಟೇಷನ್ನಿನ ಆಚೆಗೆ ನಮ್ಮ ಚಾಳು. ನನ್ನ ಖೋಲಿ, ಅವನ ಖೋಲಿ ಅಕ್ಕಪಕ್ಕ. ನಡುವೆ ಇದ್ದದ್ದು ಹಲಗೆಯ ಗೋಡೆ. ಅವನ ಮನೆಯಲ್ಲಿ ಸೀನಿದರೆ ನನ್ನ ಮನೆಯಲ್ಲಿ ಕೇಳುತ್ತಿತ್ತು, ಇನ್ನು ಗ್ರಾಮಾಫೋನು ಕೇಳದೆ ಇದ್ದೀತೇ? ಮೋಪಕರ ಮಾಸ್ತರರ ಕ್ಲಾರಿನೆಟ್ಟು ಬೇಕೆಂದರೂ ಬೇಡವೆಂದರೂ ನನ್ನ ಕಿವಿಗೂ ಬೀಳುತ್ತಿತ್ತು. ಬಿದ್ದು ಬಿದ್ದು ನನಗೂ ಅದರ ರುಚಿ ಹತ್ತಿತ್ತು.

ಪರಪ್ಪ ವಿಜಾಪುರದ ಕಡೆಯವನು. ಗುಳೇದಗುಡ್ಡದ ಕುಪ್ಪಸದ ಖಣ, ಇಳಕಲ್ಲ ಸೀರೆ ಗಂಟು ಕಟ್ಟಿ, ಹೆಗಲಿಗೇರಿಸಿ, ಮನೆಮನೆಗೆ ಹೋಗಿ ಮಾರುವುದು ಅವನ ಉದ್ಯೋಗ. ಇವತ್ತು ಆಂಟಾಪ್ ಹಿಲ್ಲು, ನಾಳೆ ಸಾಂತಾಕ್ರೂಜ್, ಹೀಗೆ ಲೋಕಲ್ಲಿನಲ್ಲಿ ಅಡ್ಡಾಟ. ಗಿರಾಕಿ ಹೆಂಗಸರು ಗಂಟೆಲ್ಲ ಬಿಚ್ಚಿಸಿ, ಸೆರಗು ಸೆರಗು ನೋಡಿ, ಕಡೆಗೆ "ದೀಪಾವಳಿಗೆ ಬಾ" ಎಂದು ಕಳಿಸಿದರೂ ಅವನ ಮುಖದ ಮೇಲೆ ಒಂದು ಗೆರೆ ಮೂಡುತ್ತಿರಲಿಲ್ಲ. ಅಂಥವನಿಗೆ ಮಾಸ್ತರರ ವಿಷಯ ಬಂತೆಂದರೆ ಮಾತ್ರ ಸಿಟ್ಟು ಮೂಗಿನ ತುದಿಗೇ.

ಅವನ ಹೆಂಡತಿ ಚಂದ್ರವ್ವ ಬಾಯಿ ಬಿಟ್ಟರೆ ನಗೆ. "ಆ ಕ್ಲಾರಿನೆಟ್ಟಿಗೆ ಒಂದು ಇಳಕಲ್ಲ ಸೀರಿ ಉಡಸು, ಸಂಸಾರ ಮಾಡು. ನಾ ಊರಿಗೆ ಹೋಗತೀನಿ," ಎನ್ನುತ್ತಿದ್ದಳು. ಹೋಗುತ್ತಿರಲಿಲ್ಲ. ಅವಳೂ ಗೋಡೆಗೆ ಒರಗಿ ಕೂತು ಕೇಳುವವಳೇ.

ರಮಾನಾಥ ಅಂದರೆ ನಮ್ಮ ಚಾಳಿನ ಮೂಲೆಯ ಉಡುಪಿ ಹೋಟೆಲ್ಲಿನ ಯಜಮಾನ. ಆ ಗ್ರಾಮಾಫೋನು ಮೊದಲು ಅವನದೇ. ಹೋಟೆಲ್ಲಿನಲ್ಲಿ ಗಲ್ಲಾದ ಪಕ್ಕಕ್ಕೆ ಇಟ್ಟು ಗಿರಾಕಿಗಳಿಗೆ ಹಾಡು ಹಾಕುತ್ತಿದ್ದ. ಪರಪ್ಪ ಒಂದು ದಿನ ಚಹಾಕ್ಕೆಂದು ಹೋದವನು, ಮೋಪಕರರ ರಿಕಾರ್ಡು ಮುಗಿಯುವ ತನಕ ಲೋಟ ಹಿಡಿದುಕೊಂಡೇ ಕೂತನಂತೆ, ಚಹಾ ಆರಿ ಕೆನೆ ಕಟ್ಟಿತಂತೆ. "ಚಹಾ ಚೆನ್ನಾಗಿಲ್ವಾ ಮಾರಾಯ್ರೇ?" ಎಂದು ರಮಾನಾಥ ಕೇಳಿದ. "ಚಹಾ ಯಾರಿಗೆ ಬೇಕ್ರಿ, ಆ ರಿಕಾರ್ಡು ಹೊಳ್ಳಿಸಿ ಹಾಕ್ರಿ," ಎಂದ ಇವನು. ಗೆಳೆತನ ಆದದ್ದು ಹಾಗೆ. ಹೋಟೆಲ್ಲಿಗೆ ರೇಡಿಯೋ ಬಂದ ಮೇಲೆ ರಮಾನಾಥ ಗ್ರಾಮಾಫೋನನ್ನು ತಾನೇ ಹೊತ್ತು ತಂದು ಪರಪ್ಪನ ಖೋಲಿಯಲ್ಲಿ ಇಟ್ಟ. ಅಂದಿನಿಂದ ಭಾನುವಾರ ಮಧ್ಯಾಹ್ನ, ಊಟದ ಗದ್ದಲ ಮುಗಿದು ಸಂಜೆಯ ಗದ್ದಲ ಶುರುವಾಗುವ ನಡುವೆ, ಬಾಳೆಲೆಯಲ್ಲಿ ಬಿಸಿ ಗೋಳಿಬಜೆ ಕಟ್ಟಿಕೊಂಡು ಬಂದು ಕೂರುತ್ತಿದ್ದ. ಒಬ್ಬ ಚಾವಿ ಕೊಡುವನು, ಇನ್ನೊಬ್ಬ ಸೂಜಿ ಬದಲಿಸುವನು. ವಾರಕ್ಕೊಮ್ಮೆ ಖೋಲಿಗಳ ಮುಂದಿನ ನಮ್ಮ ಗ್ಯಾಲರಿಗೆ ಅದೇ ಹಬ್ಬ.

ಮಾಸ್ತರರು ತಬಲಾ ತೆಗೆದುಹಾಕಿದಾಗಲೇ ರಮಾನಾಥನಿಗೆ ಅರ್ಧ ಬೇಸರವಾಗಿತ್ತು. "ಒಗ್ಗರಣೆ ಹಾಕದ ಸಾರು ಇದು. ಆರೋಗ್ಯಕ್ಕೆ ಒಳ್ಳೆಯದಿರಬಹುದು, ಬಾಯಿಗೆ ಎಂತ ಉಂಟು?" ಎನ್ನುತ್ತಿದ್ದ. ಆದರೂ ಬರುತ್ತಿದ್ದ, ಕೇಳುತ್ತಿದ್ದ, ಹಳೆಯದನ್ನು ಒಂದು ಹಾಕಿಸಿಕೊಂಡು ಹೋಗುತ್ತಿದ್ದ. ಗೆಳೆತನ ಕೆಟ್ಟದ್ದು ಈ ಆಲ್ಬಮ್ಮಿನಿಂದ.

ಆಲ್ಬಂ ಎಂದರೆ ಪುಸ್ತಕದ ಹಾಗೆ ದಪ್ಪ ರಟ್ಟು, ಅದರೊಳಗೆ ಒಂದೊಂದು ಚೀಲದಲ್ಲಿ ಒಂದೊಂದು ರಿಕಾರ್ಡು. ಪರಪ್ಪ ಅದನ್ನು ಮುಂಬಯಿ ಕೋಟೆ ಪ್ರದೇಶದ ಒಂದು ಅಂಗಡಿಯಿಂದ ತಂದ ದಿನ ನಾನೂ ಅಲ್ಲಿದ್ದೆ. ರಿಕಾರ್ಡಿನ ನಡುವಿನ ಕಾಗದದ ಮೇಲೆ ಯಾವ ಭಾಗ ಎಂದು ಅಂಕಿ ಅಚ್ಚಾಗಿತ್ತು. ಒಂದನೆಯ ಭಾಗ ಕೇಳಿ ಆಯಿತು. ರಿಕಾರ್ಡು ಹೊಳ್ಳಿಸಿದ. ಹಿಂದಿನ ಮಗ್ಗುಲಿಗೆ ಎರಡು ಇರಬೇಕಿತ್ತು, ಆರು ಇತ್ತು. ಮುಂದಿನ ರಿಕಾರ್ಡು ನೋಡಿದರೆ ಒಂದು ಮಗ್ಗುಲಿಗೆ ಎರಡು, ಹಿಂದೆ ಐದು. ಕಡೆಯದಕ್ಕೆ ಮೂರು, ನಾಲ್ಕು.

"ಇದು ತಪ್ಪಿ ಅಚ್ಚಾದದ್ದು. ಅಂಗಡಿಗೆ ವಾಪಸು ಕೊಟ್ಟು ಬನ್ನಿ ಪರಪ್ಪಣ್ಣ," ಎಂದ ರಮಾನಾಥ.

ಪರಪ್ಪ ರಿಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಮೂರೂ ತಪ್ಪತಾವೇನ್ರಿ? ಇದು ಮಾಸ್ತರ ಬೇಕಂತನ ಮಾಡಿದ್ದು. ರಿಕಾರ್ಡಂದ್ರ ಒಂದ ಮಗ್ಗಲಾ ಕೇಳಿ ಹೊಳ್ಳಿಸಿ ಹಾಕೂದು. ಕೂಸಿಗೂ ಗೊತ್ತೈತಿ, ಮಾಸ್ತರಗ ಗೊತ್ತಿಲ್ಲೇನು? ಒಂದರ ಬೆನ್ನಿಗೆ ಆರು ಇಟ್ಟಾನಂದ್ರ, ಒಂದು ಕೇಳಿ ಆರು ಕೇಳ್ರಿ ಅಂತ ಹೇಳ್ಯಾನ."

"ಅಂಕಿ ಪ್ರಕಾರ ಹಾಕಿ ನೋಡುವ. ಒಂದು ಆದ ಮೇಲೆ ಎರಡು."

"ಮಗ್ಗಲಾ ಮಗ್ಗಲಕ್ಕ ರಿಕಾರ್ಡು ತಗದು, ಇನ್ನೊಂದು ಹಾಕಿ, ಮತ್ತ ಅದನ್ನ ತಗದು! ಹಂಗ ಯಾವ ಹುಚ್ಚ ಕೇಳತಾನ್ರಿ?"

ಸರಿ, ಇವನು ಹೇಳಿದ ಹಾಗೇ ಹಾಕಿದರು. ಮೊದಲ ಮಗ್ಗುಲಿನಲ್ಲಿ ಪೂರಿಯಾ ರಾಗ ಮೆಲ್ಲಗೆ ಕಣ್ಣು ಬಿಟ್ಟಿತು. ಹೊಳ್ಳಿಸಿದ ಕೂಡಲೇ ತಬಲಾ ಜೋರಾಗಿ ಬಂತು, ಕ್ಲಾರಿನೆಟ್ಟು ಓಡಿತು, ಧಡ್ ಎಂದು ಮುಗಿಯಿತು. ಎರಡನೆಯ ರಿಕಾರ್ಡು ಹಾಕಿದರೆ ಮತ್ತೆ ಮೆಲ್ಲಗೆ, ತಬಲಾವೇ ಇಲ್ಲ. ರಮಾನಾಥ ಎದ್ದು ನಿಂತ.

"ಎಂತದು ಇದು? ಪಾಯಸ ಆಯ್ತು, ಮಜ್ಜಿಗೆ ಆಯ್ತು, ಕೈ ತೊಳೆಯುವ ಅಂತ ಏಳುವಾಗ ಪುನಃ ಎಲೆಗೆ ಉಪ್ಪು ಬಡಿಸ್ಲಿಕ್ಕೆ ಬಂದ ಹಾಗಾಯ್ತು. ನಿಮ್ಮ ಮಾಸ್ತರ್ರಿಗೆ ತಲೆ ಕೆಟ್ಟಿದೆ, ನಿಮಗೆ ಅವರಿಗಿಂತ ಕೆಟ್ಟಿದೆ."

"ಕೂಡ್ರಿ, ಪೂರಾ ಕೇಳ್ರಿ. ಆಮ್ಯಾಲ ಮಾತಾಡ್ರಿ."

"ಹಳಸಿದೆಯಾ ಅಂತ ನೋಡ್ಲಿಕ್ಕೆ ಹಂಡೆ ಸಾಂಬಾರು ಕುಡಿಬೇಕಾ?"

ಅವತ್ತು ಹೋದವನು ಮತ್ತೆ ಭಾನುವಾರ ಬರಲಿಲ್ಲ. ಪರಪ್ಪನೂ ಅವನ ಹೋಟೆಲ್ಲಿನ ಮುಂದೆ ಮುಖ ತಿರುಗಿಸಿಕೊಂಡು ಹೋಗಿ ಇರಾಣಿಯ ಅಂಗಡಿಯಲ್ಲಿ ಚಹಾ ಕುಡಿಯತೊಡಗಿದ. ಆ ಹಿಂದಿನ ವರ್ಷವಷ್ಟೇ ರಾಜ್ಯಗಳೆಲ್ಲ ಹೊಸದಾಗಿ ಆಗಿದ್ದವು. ರಮಾನಾಥ ನನ್ನನ್ನು ಹಾದಿಯಲ್ಲಿ ನಿಲ್ಲಿಸಿ ಅಂದ: "ನೋಡಿ ಅಮ್ಮ, ನಾವು ಮದ್ರಾಸಿನವರಾಗಿದ್ದೆವು, ಪರಪ್ಪಣ್ಣ ಮುಂಬಯಿಯವರಾಗಿದ್ದರು. ದಿಲ್ಲಿಯಲ್ಲಿ ಕೂತು ಇಬ್ಬರನ್ನೂ ಮೈಸೂರಿನವರು ಮಾಡಿದರು. ಆದ್ರೆ ಒಂದು ಕ್ಲಾರಿನೆಟ್ಟಿನ ಜಗಳ ಬಿಡಿಸ್ಲಿಕ್ಕೆ ಆ ದಿಲ್ಲಿಯವರಿಂದಲೂ ಆಗ್ಲಿಕ್ಕಿಲ್ಲ." ನಕ್ಕ. ನಗು ಕಣ್ಣಿನ ತನಕ ಹೋಗಲಿಲ್ಲ.

ಪರಪ್ಪ ಮಾತ್ರ ಹಟ ಹಿಡಿದು ಆ ಆಲ್ಬಮ್ಮನ್ನು ಕೇಳಿದ. ಮೊದಮೊದಲು ನನಗೂ ಚಂದ್ರವ್ವನಿಗೂ ತಲೆಬುಡ ತಿಳಿಯಲಿಲ್ಲ. ಆದರೆ ಮಳೆಗಾಲ ಕಳೆಯುವ ಹೊತ್ತಿಗೆ ಒಂದು ವಿಚಿತ್ರವಾಯಿತು. ಮುಗಿದ ಮೇಲೆ ಮತ್ತೆ ಮೆಲ್ಲಗೆ ಶುರುವಾಗುವ ಆ ಎರಡನೆಯ ರಿಕಾರ್ಡು ಬಂದಾಗ ಎದೆಯಲ್ಲಿ ಏನೋ ಅಲುಗಿದ ಹಾಗಾಗುತ್ತಿತ್ತು. ಮದುವೆ ಮುಗಿದು ಹಂದರ ಬಿಚ್ಚಿದ ಮನೆಯಲ್ಲಿ ಮದುಮಗಳ ಬಾಲ್ಯದ ಮಾತು ಹೇಳಿಕೊಂಡ ಹಾಗೆ. ಕಡೆಯ ಮಗ್ಗುಲಿಗೆ, ಇನ್ನೇನು ತಬಲಾ ಬರುತ್ತದೆ ಎನ್ನುವಾಗ, ಒಂದು ಸ್ವರ ಹಾಗೇ ತೇಲಿ ರಿಕಾರ್ಡು ಮುಗಿದು ಸೂಜಿ ಬರೇ ಕರಕರ ಅನ್ನುತ್ತಿತ್ತು.  ಪರಪ್ಪ ಆ ಕರಕರವನ್ನೂ ಸ್ವಲ್ಪ ಹೊತ್ತು ಕೇಳುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ ರಮಾನಾಥನಿಗೆ ಬೈಯುತ್ತಿದ್ದ. ಬೈಗುಳದ ಹಿಂದೆ ಇದ್ದದ್ದು ಒಂದೇ: ಇದನ್ನು ಅವನು ಕೇಳಬೇಕಿತ್ತು.

ಹೀಗಿರುವಾಗ ಒಂದು ದಿನ ಸಾಂತಾಕ್ರೂಜಿಗೆ ಹೋದ ಪರಪ್ಪ ಗಂಟು ಹೊತ್ತು ಬಾಗಿಲಲ್ಲಿ ಬಂದು ನಿಂತ. ಮುಖ ಕಂದಿತ್ತು. ಯಾರೋ ಊರಲ್ಲಿ ತೀರಿಕೊಂಡರೇನೋ ಎಂದುಕೊಂಡೆ.

ನಡೆದದ್ದು ಇಷ್ಟು: ಸಾಂತಾಕ್ರೂಜಿನಲ್ಲಿ ವಿನೋದಿನಿಬಾಯಿ ಎಂಬ ಕಾರವಾರದ ಕಡೆಯ ಹೆಂಗಸು ಅವನ ಹಳೆಯ ಗಿರಾಕಿ. ಗಂಡ ದೊಡ್ಡ ಕಂಪನಿಯಲ್ಲಿ ನೌಕರ. ಮನೆಗೆ ಹೊಸದಾಗಿ ಕಪಾಟಿನಷ್ಟು ದೊಡ್ಡ ಕರೆಂಟಿನ ಗ್ರಾಮಾಫೋನು ಬಂದಿತ್ತು. ಪರಪ್ಪ ವರಾಂಡದಲ್ಲಿ ಖಣ ಹರಡಿ ಕೂತಿದ್ದಾಗ ಆಕೆ ಮೂರು ರಿಕಾರ್ಡುಗಳನ್ನು ಒಂದರ ಮೇಲೊಂದು ಒಂದು ಕಡ್ಡಿಗೆ ಏರಿಸಿ ಬಂದು ಖಣ ನೋಡತೊಡಗಿದಳು. ಪೂರಿಯಾ ಶುರುವಾಯಿತು. ಒಂದನೆಯ ಭಾಗ. ಪರಪ್ಪ ಹಿಗ್ಗಿದ. ಮಗ್ಗುಲು ಮುಗಿಯಿತು. ಯಾರೂ ಮುಟ್ಟಲಿಲ್ಲ. ಮೇಲಿನ ರಿಕಾರ್ಡು ತಾನೇ ಟಪ್ಪೆಂದು ಕೆಳಗಿನದರ ಮೇಲೆ ಬಿತ್ತು, ಸೂಜಿಯ ಕೈ ತಾನೇ ಬಂದು ಕೂತಿತು. ಬಂದದ್ದು ಆರಲ್ಲ, ಎರಡು. ಆಮೇಲೆ ಮೂರು. ಆಮೇಲೆ ಆಕೆ ಎದ್ದು ಹೋಗಿ ಮೂರನ್ನೂ ಒಟ್ಟಿಗೆ ಎತ್ತಿ ಹೊಳ್ಳಿಸಿ ಮತ್ತೆ ಕಡ್ಡಿಗೆ ಏರಿಸಿದಳು. ನಾಲ್ಕು, ಐದು, ಆರು.

ಪರಪ್ಪ ಕೇಳಿದನಂತೆ, "ಬಾಯಿ, ಇದು ಹಿಂಗೇನು?"

"ಹೌದಲ್ಲ, ಇದು ಈ ಮೆಷಿನ್ನಿನವರಿಗೆ ಅಂತಲೇ ಮಾಡಿದ ಸೆಟ್ಟು. ಕೈಯಿಂದ ಚಾವಿ ಕೊಡುವವರಿಗೆ ಬೇರೆ ಸೆಟ್ಟೇ ಉಂಟು, ಅದರಲ್ಲಿ ಒಂದರ ಹಿಂದೆ ಎರಡು ಇರ್ತದೆ. ಅಂಗಡಿಯವ ಹೇಳ್ಲಿಲ್ಲವಾ?" ಎಂದಳಂತೆ ಆಕೆ. ಆಮೇಲೆ, "ಈ ಹಸಿರು ಖಣದ ಅಂಚು ಇನ್ನೂ ಅಗಲದ್ದು ಇದೆಯಾ?"

"ನನಗ ಹಸರು ಯಾವದು ಕೆಂಪು ಯಾವದು ತಿಳೀಲಿಲ್ಲ ಯವ್ವಾ," ಎಂದ ಪರಪ್ಪ.

ಗಂಟು ಇಳಿಸಿದವನೇ ಗ್ರಾಮಾಫೋನಿನ ಮುಂದೆ ಕೂತ. ಅಂಕಿಯ ಪ್ರಕಾರ ಹಾಕಿದ. ಮಗ್ಗುಲು ಮಗ್ಗುಲಿಗೂ ತೆಗೆ, ಹಾಕು, ಚಾವಿ ಕೊಡು. ಮೆಲ್ಲಗೆ ಎದ್ದ ರಾಗ ಮೆಲ್ಲಗೆ ಬೆಳೆಯಿತು, ತಬಲಾ ಸೇರಿತು, ಓಡಿತು, ಕಡೆಗೆ ಚಪ್ಪಾಳೆ ಬೇಡಿದ ಹಾಗೆ ಮುಗಿಯಿತು. ಚೆನ್ನಾಗಿಯೇ ಇತ್ತು. ಹೆಸರಿಡುವಂಥ ತಪ್ಪು ಏನೂ ಇರಲಿಲ್ಲ.

ಪರಪ್ಪ ತಲೆಯ ಮೇಲೆ ಕೈ ಹೊತ್ತ. "ಇದು ಎಲ್ಲಾರೂ ಬಾರಸತಾರ. ಮಾಸ್ತರ ಮುಂದ ಹೋಗ್ಯಾನ ಅಂತ ನಾ ಕುಣದ್ಯಾಡಿದೆ. ಅಂವಾ ಹೊಳ್ಳಿ ಹಿಂದಕ್ಕ ಹೋಗ್ಯಾನ! ತಬಲಾ ತಗದಾವ ತಬಲಾನ ಕರಕೊಂಡ ಬಂದಾನ. ಆ ಹೊಸಾದೆಲ್ಲಾ ಇದ್ದದ್ದು ಈ ಚಾವಿ ಡಬ್ಬ್ಯಾಗ ಅಷ್ಟ, ಮಾಸ್ತರನ ತಲ್ಯಾಗ ಅಲ್ಲ."

"ಹಂಗಾದ್ರ ರಮಾನಾಥಣ್ಣ ಹೇಳಿದ್ದ ಖರೆ ಆತಲ್ಲ," ಎಂದಳು ಚಂದ್ರವ್ವ ಬಾಗಿಲಿಂದ. "ಹೋಗಿ ಹೇಳು."

"ನಾಲಿಗಿ ಸೀಳತೇನಿ, ಸುಮ್ಮನಿರು."

"ಸೀಳಾಕ ನಿನಗ ಕತ್ತರಿ ಹಿಡಿಯಾಕರ ಬರತೈತೇನು? ಖಣಾ ಹರಿಯಾಕೂ ನನ್ನ ಕರೀತಿ."

ನನಗೆ ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ. ಆಮೇಲಿನ ದಿನಗಳಲ್ಲಿ ಅವನು ಗ್ರಾಮಾಫೋನು ಮುಟ್ಟಲಿಲ್ಲ. ಹಲಗೆಯ ಆಚೆಯಿಂದ ಒಂದು ಸದ್ದಿಲ್ಲ. ಒಂದು ಸಲ ಆಲ್ಬಮ್ಮನ್ನು ರದ್ದಿಗೆ ಹಾಕುತ್ತೇನೆಂದು ಮೆಟ್ಟಿಲ ತನಕ ಹೋಗಿ ವಾಪಸು ಬಂದ. ಇನ್ನೊಂದು ಸಲ ನನ್ನ ಮುಂದೆ ಕೂತು, "ಯವ್ವಾ, ತಪ್ಪ ಅಂತ ಗೊತ್ತಾದ ಮ್ಯಾಲೂ ನನಗ ಅದ ಬೇಕನಸತೈತಲ್ಲ, ಏನ ಮಾಡಲಿ?" ಎಂದ. "ಬೇಕಾದರ ಕೇಳಪಾ, ಯಾರು ಬ್ಯಾಡಂದ್ರು?" ಎಂದೆ. "ನಾ ಒಬ್ಬನ ಕೇಳಿದರ ಏನ ಬಂತು?" ಎಂದ. ಅವನಿಗೆ ಬೇಕಾದದ್ದು ಪೂರಿಯಾ ಒಂದೇ ಅಲ್ಲ ಎಂಬುದು ನನಗೆ ಗೊತ್ತಿತ್ತು. ಆ ಮೂಲೆಯಲ್ಲಿ ಕಾಲು ಚಾಚಿ ಕೂತು ಗೋಳಿಬಜೆ ಕಡಿಯುತ್ತ ತಲೆ ತೂಗುವವನೊಬ್ಬ ಬೇಕಾಗಿತ್ತು.

ಕಡೆಗೆ ರಮಾನಾಥನ ಹೋಟೆಲ್ಲಿಗೆ ಹೋದ. ಗಲ್ಲಾದ ಮುಂದೆ ನಿಂತು, ಹೋಟೆಲ್ಲಿನ ಮಂದಿಯೆಲ್ಲ ಕೇಳುವ ಹಾಗೆ, "ರಮಾನಾಥಣ್ಣಾ, ತಪ್ಪು ನಂದು. ಭಾನುವಾರ ಬರ್ರಿ, ಅಂಕಿ ಪ್ರಕಾರ ಹಾಕತೇನಿ," ಎಂದನಂತೆ. ರಮಾನಾಥ ಚಿಲ್ಲರೆ ಎಣಿಸುತ್ತಿದ್ದವನು ತಲೆ ಎತ್ತದೆ, "ಇರಾಣಿಯ ಚಹಾ ಸಾಕಾಯ್ತಾ?" ಎಂದನಂತೆ. ಅಷ್ಟೇ.

ಆದರೆ ಭಾನುವಾರ ಬಂದ. ಬಾಳೆಲೆಯ ಪೊಟ್ಟಣ ಎಂದಿಗಿಂತ ದೊಡ್ಡದಿತ್ತು. ಪರಪ್ಪ ಮಗ್ಗುಲು ಮಗ್ಗುಲಿಗೂ ರಿಕಾರ್ಡು ಬದಲಿಸಿ, ಬೆವರು ಸುರಿಸುತ್ತ, ಒಂದರಿಂದ ಆರರ ತನಕ ಹಾಕಿದ. ತಬಲಾ ಬಂದದ್ದೇ ರಮಾನಾಥನ ಕೈ ತೊಡೆಯ ಮೇಲೆ ಆಡತೊಡಗಿತು. ಮುಗಿದಾಗ ಎದ್ದು ನಿಂತುಬಿಟ್ಟ.

"ಇದು! ಇದು ನಮ್ಮ ಮಾಸ್ತರ್ರು! ಇಷ್ಟು ದಿನ ಇದನ್ನು ಎಲ್ಲಿ ಅಡಗಿಸಿ ಇಟ್ಟಿದ್ರಿ ಮಾರಾಯ್ರೇ?"

ಪರಪ್ಪ ಮೆಷಿನ್ನಿನ ಕತೆ ಹೇಳಿದ. ರಮಾನಾಥ ನಕ್ಕ ನಗುವಿಗೆ ಪಕ್ಕದ ಖೋಲಿಗಳವರೆಲ್ಲ ಬಂದು ಇಣುಕಿದರು. "ಮಜ್ಜಿಗೆ ಆದ ಮೇಲೆ ಉಪ್ಪು ಅಂತ ನಾನು ಹೇಳ್ಲಿಲ್ವಾ ಅಮ್ಮ? ನೀವೇ ಸಾಕ್ಷಿ!" ಎಂದು ಕಣ್ಣೊರೆಸಿಕೊಂಡ. ಪರಪ್ಪನೂ ನಕ್ಕ, ಹಲ್ಲು ತೋರಿಸುವಷ್ಟು.

ಆಮೇಲೆ ಹೇಳಿದ, "ಈಗ ನಂದೊಂದು ಮಾತು ನಡಸ್ರಿ. ನಾ ಕೇಳತಿದ್ನಲ್ಲ, ಹಂಗ ಒಂದ ಸಲಾ ಕೇಳ್ರಿ. ಪೂರಾ."

"ತಪ್ಪು ಅಂತ ಗೊತ್ತಾಯ್ತಲ್ಲ. ಇನ್ನು ಎಂತಕ್ಕೆ?"

"ತಪ್ಪ ಹೌದು. ಕೇಳ್ರಿ ಅಂದೆ."

ರಮಾನಾಥ ನನ್ನ ಮುಖ ನೋಡಿದ.  ಕೂತ. ಒಂದು ಆಯಿತು, ಹೊಳ್ಳಿಸಿ ಆರು ಆಯಿತು. ಅವನು ಸುಮ್ಮನೆ ಗೋಡೆ ನೋಡುತ್ತಿದ್ದ. ಎರಡನೆಯ ರಿಕಾರ್ಡು ಮೆಲ್ಲಗೆ ಎದ್ದಿತು. ಪರಪ್ಪ ಗ್ರಾಮಾಫೋನನ್ನು ನೋಡುತ್ತಿರಲಿಲ್ಲ, ರಮಾನಾಥನ ಮುಖವನ್ನೇ ನೋಡುತ್ತಿದ್ದ. ಆ ಮುಖ ಒಂದು ಗಳಿಗೆ ಬಾಗಿತು. ಇವನಿಗೂ ತಟ್ಟಿತೇನೋ ಎಂದು ನನಗನಿಸಿತು. ಅಷ್ಟರಲ್ಲಿ ಮಗ್ಗುಲು ಮುಗಿಯಿತು. ಪರಪ್ಪ ಹೊಳ್ಳಿಸಿ ಹಾಕಿ ಚಾವಿ ಕೊಡುವಾಗ ರಮಾನಾಥ ಪಂಚೆ ಕೊಡವಿ ಎದ್ದ.

"ಹಾಲಿನವ ಬರುವ ಹೊತ್ತಾಯ್ತು ಪರಪ್ಪಣ್ಣ. ನಾನು ನಿಲ್ಲದಿದ್ರೆ ನೀರು ಬೆರೆಸಿ ಹೋಗ್ತಾನೆ. ಇದು ಇನ್ನೊಮ್ಮೆ ಕೇಳುವ."

"ಇನ್ನೊಂದ ರಿಕಾರ್ಡು ಐತ್ರಿ ಅಷ್ಟ."

"ಇನ್ನೊಮ್ಮೆ. ಮುಂದಿನ ಭಾನುವಾರ ಸರಿಯಾದದ್ದೇ ಹಾಕಿ ಆಯ್ತಾ? ನಮ್ಮ ಅಡಿಗೆಯ ಅಣ್ಣುವನ್ನೂ ಕರ್ಕೊಂಡು ಬರ್ತೇನೆ. ಅವನೂ ಕೇಳ್ಲಿ," ಎಂದು, ಪರಪ್ಪನ ಬೆನ್ನು ಪ್ರೀತಿಯಿಂದ ತಟ್ಟಿ, ಮೆಟ್ಟಿಲಿಳಿದು ಹೋದ. ಅವನು ಹಾಗೆ ಹಗುರಾಗಿ ನಡೆದದ್ದನ್ನು ನಾನು ಅಷ್ಟು ದಿನ ಕಂಡಿರಲಿಲ್ಲ.

ಪರಪ್ಪ ಅವನನ್ನು ತಡೆಯಲಿಲ್ಲ. ಗ್ರಾಮಾಫೋನನ್ನು ನಿಲ್ಲಿಸಲೂ ಇಲ್ಲ. ಐದನೆಯ ಭಾಗ ಮುಗಿದ ಮೇಲೆ ಕಡೆಯ ರಿಕಾರ್ಡು ಹಾಕಿದ, ಹೊಸ ಸೂಜಿ ಸಿಕ್ಕಿಸಿದ. ನಾನು, ಚಂದ್ರವ್ವ ಕೂತೇ ಇದ್ದೆವು. ಮೂರು ಆಯಿತು, ನಾಲ್ಕು ಬಂತು. ಸ್ವರ ತೇಲಿ ನಿಂತಿತು.

"ಹೋದಾ ನೋಡು," ಎಂದ ಪರಪ್ಪ. "ಗೆಳ್ಯಾ ಬಂದಾ, ಕೇಳೂದು ಆಗಲಿಲ್ಲ. ಇನ್ನ ಮ್ಯಾಲ ಪ್ರತಿ ಭಾನುವಾರ ಆ ಸರಿಯಾದದ್ದ ಹಾಕಬೇಕು, ನಾನೂ ತಲಿ ತೂಗಬೇಕು."

"ತೂಗು," ಎಂದಳು ಚಂದ್ರವ್ವ. "ಅಂವಾ ನಿನ್ನ ಸಲುವಾಗಿ ಇಷ್ಟು ಹೊತ್ತು ಕುಂತಿದ್ದಿಲ್ಲೇನು?"

ಪರಪ್ಪ ರಿಕಾರ್ಡುಗಳನ್ನು ಒರೆಸಿ ಚೀಲಗಳಿಗೆ ಸೇರಿಸಿದ. ಸೂಜಿಯ ಡಬ್ಬಿ ಮುಚ್ಚಿದ. ಸಂಜೆಗೆ ನನ್ನಲ್ಲಿ ಊಟಕ್ಕೆ ಬರುವವರಿದ್ದರು, ನಾಳಿನ ಹಿಟ್ಟಿಗೆ ಜೋಳ ಇನ್ನೂ ಹಸನಾಗಿರಲಿಲ್ಲ. ನಾನು ಮೊರ ತಂದು ಗ್ಯಾಲರಿಯಲ್ಲಿ ಕೂತೆ. ಪರಪ್ಪ ಹೊರಗೆ ಬಂದು ಕಟಾಂಜನದ ಕಂಬಿ ಹಿಡಿದು ನಿಂತ.

"ಕೈ ಖಾಲಿ ಅದಾವಲ್ಲ, ಬಾ," ಎಂದೆ.

ಬಂದು ಕೂತ. ಇನ್ನೊಂದು ಮೊರ ಎಳೆದುಕೊಂಡು, ಎರಡು ಬೊಗಸೆ ಜೋಳ ಸುರುವಿಕೊಂಡು, ಹರಳು ಆರಿಸತೊಡಗಿದ.